ರಾಜೀವ್ ಹತ್ಯೆ ಭಯೋತ್ಪಾದನೆಯಲ್ಲ, ಪಾಲಾರ್ ಸ್ಫೋಟ ಭಯೋತ್ಪಾದನೆ: ಕಾನೂನು ಗೆರೆ ಎಳೆಯುವುದು ಎಲ್ಲಿ?

ಕಾವೇರಿ ಕಣಿವೆ (ಚರ್ಚೆ ಆರಂಭಿಸಿದವರು)

ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದಾಗ ಎದ್ದ ಪ್ರಶ್ನೆ ಇದು.

1991ರ ಮೇ 21ರ ರಾತ್ರಿ ಶ್ರೀಪೆರಂಬದೂರಿನಲ್ಲಿ ಶ್ರೀಲಂಕಾದ ತಮಿಳು ಸಂಘಟನೆ ಎಲ್‌ಟಿಟಿಇಯ ಮಾನವ ಬಾಂಬ್ ಸಿಡಿದು ರಾಜೀವ್ ಗಾಂಧಿಯವರು ಸತ್ತರು. ಸುತ್ತ ಇದ್ದ ಪೊಲೀಸರೂ ಪಕ್ಷದ ಕಾರ್ಯಕರ್ತರೂ ಸತ್ತರು. ಟಾಡಾ (ಆಗಿನ ಭಯೋತ್ಪಾದನೆ ತಡೆ ಕಾಯ್ದೆ) ವಿಶೇಷ ನ್ಯಾಯಾಲಯ 1998ರ ಜನವರಿಯಲ್ಲಿ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಾಲ್ವರ ಮರಣದಂಡನೆಯನ್ನು ಎತ್ತಿಹಿಡಿದು, ಮೂವರಿಗೆ ಜೀವಾವಧಿ ನೀಡಿ, ಉಳಿದ 19 ಜನರನ್ನು ಬಿಡುಗಡೆ ಮಾಡಿತು. ಶಿಕ್ಷೆ ಉಳಿದವರಿಗೂ ಅದು ಉಳಿದದ್ದು ಕೊಲೆಯ ಸಂಚಿಗಾಗಿ. ಟಾಡಾ ಅಡಿಯ ಭಯೋತ್ಪಾದನೆಯ ಆರೋಪ ಬಿದ್ದುಹೋಯಿತು.

ಇನ್ನೊಂದು ಕಡೆ, 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಗಂಧ ಮತ್ತು ದಂತ ಕದಿಯುತ್ತಿದ್ದ ತಂಡದ ಸದಸ್ಯರು ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ ಅದೇ ಕಾಯ್ದೆಯಡಿ ತಪ್ಪಿತಸ್ಥರಾದರು. 2004ರಲ್ಲಿ ಸುಪ್ರೀಂ ಕೋರ್ಟ್ ನಾಲ್ವರ ಜೀವಾವಧಿಯನ್ನು ಮರಣದಂಡನೆಗೆ ಏರಿಸಿತು.

ದೇಶದ ಮಾಜಿ ಪ್ರಧಾನಿಯನ್ನು ಚುನಾವಣೆಯ ಮಧ್ಯೆ ಬಾಂಬ್ ಹಾಕಿ ಕೊಲ್ಲುವುದು ಭಯೋತ್ಪಾದನೆ ಆಗುವುದಿಲ್ಲ, ಕಾಡುಗಳ್ಳನ ಬಾಂಬ್ ಆಗುತ್ತದೆ ಎಂದರೆ, ಭಯೋತ್ಪಾದನೆ ಎಂದರೇನು? ಬಲ್ಲವರು ತಿಳಿಸಿ.

ನಿವೃತ್ತ ಖಾಕಿ

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಮುಗ್ಧರನ್ನು ಕೊಲ್ಲುವವನು ಭಯೋತ್ಪಾದಕ.

ಸುಮ್ಮನೆ ಓದುಗ

ಹಾಗಾದರೆ ಕುಡಿದು ಲಾರಿ ಓಡಿಸಿ ಬಸ್ ನಿಲ್ದಾಣಕ್ಕೆ ನುಗ್ಗಿಸಿದವನೂ ಭಯೋತ್ಪಾದಕನೇ, ಸರ್?

ಹೈಕೋರ್ಟ್ ಕಾರಿಡಾರ್

ಕಣಿವೆಯವರ ಪ್ರಶ್ನೆ ಸರಿಯಾಗಿದೆ, ಅದಕ್ಕೆ ಉತ್ತರವೂ ಇದೆ. ಟಾಡಾದ 3ನೇ ಸೆಕ್ಷನ್ ಕೃತ್ಯದ ಭೀಕರತೆಯನ್ನು ಅಳೆಯುತ್ತಿರಲಿಲ್ಲ, ಉದ್ದೇಶವನ್ನು ಅಳೆಯುತ್ತಿತ್ತು. ಸರ್ಕಾರವನ್ನು ಹೆದರಿಸಿ ಮಣಿಸುವ ಅಥವಾ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶದಿಂದ ಬಾಂಬ್, ಬಂದೂಕು ಬಳಸಿದ್ದನ್ನು ಪ್ರಾಸಿಕ್ಯೂಷನ್ ಸಾಬೀತುಪಡಿಸಬೇಕಿತ್ತು. ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್, ಡಿ.ಪಿ. ವಾಧ್ವಾ ಮತ್ತು ಎಸ್.ಎಸ್.ಎಂ. ಖಾದ್ರಿ ಅವರ ಪೀಠ ಕಂಡುಕೊಂಡದ್ದೇನೆಂದರೆ, ಶ್ರೀಲಂಕಾಕ್ಕೆ ಭಾರತೀಯ ಶಾಂತಿಪಾಲನಾ ಪಡೆಯನ್ನು ಕಳಿಸಿದ ಸೇಡಿಗಾಗಿ ಮತ್ತು ರಾಜೀವ್ ಮತ್ತೆ ಅಧಿಕಾರಕ್ಕೆ ಬಂದಾರೆಂಬ ಆತಂಕದಿಂದ, ಆ ಒಬ್ಬ ವ್ಯಕ್ತಿಯನ್ನು ಮುಗಿಸುವುದಷ್ಟೇ ಸಂಚುಗಾರರ ಗುರಿಯಾಗಿತ್ತು. ಪರಿಣಾಮವಾಗಿ ದೇಶವೇ ನಡುಗಿತು ಎಂಬುದು ನಿಜ. ಆದರೆ ನಡುಗಿಸುವುದೇ ಅವರ ಉದ್ದೇಶವಾಗಿತ್ತು ಎಂಬುದಕ್ಕೆ ಸಾಕ್ಷ್ಯ ಇರಲಿಲ್ಲ.

ಪಾಲಾರ್‌ನಲ್ಲಿ ಕತೆ ಬೇರೆ. ಬೆನ್ನಟ್ಟಿ ಬರುತ್ತಿದ್ದ ಪೊಲೀಸ್ ಮತ್ತು ಅರಣ್ಯ ಸಿಬ್ಬಂದಿಯ ವಾಹನಗಳನ್ನೇ ಸ್ಫೋಟಿಸಿ, ಈ ಕಾಡಿಗೆ ಯಾರೂ ಕಾಲಿಡಬಾರದು ಎಂಬ ಸಂದೇಶ ಕೊಟ್ಟಾಗ ಸರ್ಕಾರವನ್ನು ಹೆದರಿಸುವ ಉದ್ದೇಶ ಕೃತ್ಯದಲ್ಲಿಯೇ ಕಾಣುತ್ತದೆ.

ಮಲ್ಲಿಗೆ ಮೈಸೂರು

ನೀವು ಹೇಳಿದ್ದು ಕಾನೂನಿಗೆ ಸರಿ ಇರಬಹುದು, ವಿವೇಕಕ್ಕೆ ಸರಿ ಎನಿಸುವುದಿಲ್ಲ. ಮಾಜಿ ಪ್ರಧಾನಿ ಮತ್ತೆ ಪ್ರಧಾನಿಯಾಗಬಾರದು ಎಂದು ಕೊಂದರೆ, ಅದು ಮುಂದಿನ ಸರ್ಕಾರವನ್ನು ಮಣಿಸಿದಂತೆ ಅಲ್ಲವೇ? ಮತದಾರ ಯಾರನ್ನು ಆರಿಸಬೇಕೆಂದು ಬಾಂಬ್ ತೀರ್ಮಾನಿಸಿದ ಹಾಗಾಯಿತು.

ಹೈಕೋರ್ಟ್ ಕಾರಿಡಾರ್

ಮೇಡಂ, ಈ ಆಕ್ಷೇಪ ತೀರ್ಪು ಬಂದಾಗಿನಿಂದ ಇದೆ, ಅದಕ್ಕೆ ತೂಕವೂ ಇದೆ. ಆದರೆ ಆ ತೀರ್ಪಿನಲ್ಲಿ ನನಗೆ ಅದಕ್ಕಿಂತ ಹೆಚ್ಚು ಇರಿಸುಮುರಿಸು ತರುವ ಸಂಗತಿ ಬೇರೊಂದಿದೆ. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಟಾಡಾ ಒಪ್ಪುತ್ತಿತ್ತು. ಟಾಡಾ ಆರೋಪ ಬಿದ್ದ ಮೇಲೂ ಆ ತಪ್ಪೊಪ್ಪಿಗೆಗಳನ್ನು ಉಳಿಸಿಕೊಂಡು, ಅವುಗಳ ಬಲದ ಮೇಲೆಯೇ ಕೊಲೆಗೆ ಶಿಕ್ಷೆ ಕೊಡಲಾಯಿತು. ಅಂದರೆ ಅಪರಾಧ ಭಯೋತ್ಪಾದನೆ ಅಲ್ಲ, ಆದರೆ ಭಯೋತ್ಪಾದನೆಗೆಂದೇ ಇದ್ದ ವಿಶೇಷ ಸಾಕ್ಷ್ಯ ನಿಯಮ ಮಾತ್ರ ಅನ್ವಯ. ಮರಣದಂಡನೆ ಉಳಿದ ನಾಲ್ವರಲ್ಲಿ ಒಬ್ಬನಾದ ಪೇರರಿವಾಳನ್‌ನ ತಪ್ಪೊಪ್ಪಿಗೆಯನ್ನು ಬರೆದುಕೊಂಡ ಅಧಿಕಾರಿಯೇ ನಿವೃತ್ತಿಯ ನಂತರ, ಆತನ ಹೇಳಿಕೆಯ ಒಂದು ಮುಖ್ಯ ಭಾಗವನ್ನು ತಾನು ಬಿಟ್ಟಿದ್ದೆ ಎಂದು ಹೇಳಿದ್ದು ನಿಮಗೆ ನೆನಪಿರಬಹುದು. 2022ರಲ್ಲಿ ಆತನ ಬಿಡುಗಡೆಯಾಯಿತು.

ನಿವೃತ್ತ ಖಾಕಿ

ವಕೀಲರು ಎಲ್ಲಿಂದ ಹೊರಟರೂ ಕೊನೆಗೆ ಪೊಲೀಸರ ಮೇಲೆ ಬಂದು ನಿಲ್ಲುತ್ತಾರೆ. ಆ ಸಂಚುಗಾರರಲ್ಲಿ ಶಿವರಾಸನ್ ಸೇರಿ ಹಲವರು 1991ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಹೆಣವಾಗಿದ್ದರು: ಶಿವರಾಸನ್ ಗುಂಡು ಹಾರಿಸಿಕೊಂಡು, ಉಳಿದವರು ಸೈನೈಡ್ ನುಂಗಿ. ಸೈನೈಡ್ ಕುಪ್ಪಿಯನ್ನು ಕೊರಳಿಗೆ ಕಟ್ಟಿಕೊಂಡು ತಿರುಗುವವರ ವಿರುದ್ಧ ಸಾಕ್ಷಿ ಹೇಳಲು ಯಾವ ನೆರೆಮನೆಯವನು ಬರುತ್ತಾನೆ? ವಿಶೇಷ ಕಾನೂನು ಬಂದದ್ದು ಅದಕ್ಕಾಗಿ.

ಇತಿಹಾಸ ಮೇಷ್ಟ್ರು

ವ್ಯಾಖ್ಯಾನದ ಜಗಳ ನಮ್ಮ ಟಾಡಾದಿಂದ ಶುರುವಾದದ್ದಲ್ಲ. 1934ರ ಅಕ್ಟೋಬರ್ 9ರಂದು ಫ್ರಾನ್ಸಿನ ಮಾರ್ಸೇಯಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್‌ನನ್ನು ಕೊಂದರು. ಜೊತೆಯಲ್ಲಿದ್ದ ಫ್ರೆಂಚ್ ವಿದೇಶಾಂಗ ಸಚಿವ ಲೂಯಿ ಬಾರ್ತೂ ಕೂಡ ಸತ್ತರು. ಅದರ ಬೆನ್ನಲ್ಲೇ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘ 1937ರಲ್ಲಿ ಒಂದು ಒಡಂಬಡಿಕೆ ಸಿದ್ಧಪಡಿಸಿತು. ಒಂದು ರಾಜ್ಯದ, ಅಂದರೆ ಪ್ರಭುತ್ವದ, ವಿರುದ್ಧ ನಡೆಸುವ, ಜನರ ಮನಸ್ಸಿನಲ್ಲಿ ಭೀತಿಯ ಸ್ಥಿತಿ ಉಂಟುಮಾಡುವ ಉದ್ದೇಶದ ಅಪರಾಧ ಕೃತ್ಯಗಳು ಭಯೋತ್ಪಾದನೆ ಎಂಬುದು ಅದರ ಸಾರ. ರಾಜ್ಯದ ವಿರುದ್ಧ ಎಂಬ ಮಾತನ್ನು ಗಮನಿಸಿ: ರಾಜ್ಯವೇ ತನ್ನ ಜನರನ್ನು ಭೀತಿಯಲ್ಲಿಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ.

24 ದೇಶಗಳು ಸಹಿ ಹಾಕಿದವು, ಸ್ಥಿರೀಕರಿಸಿದ್ದು ಒಂದೇ ಒಂದು, ಅದು ಭಾರತ. ಆ ಭಾರತ ಯಾರದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. 1932ರಲ್ಲಿಯೇ ಬಂಗಾಳದ ಕ್ರಾಂತಿಕಾರಿಗಳನ್ನು ಮಟ್ಟಹಾಕಲು ಭಯೋತ್ಪಾದಕ ಕೃತ್ಯಗಳ ದಮನ ಎಂಬ ಹೆಸರಿನಲ್ಲೇ ಕಾಯ್ದೆ ಮಾಡಿದ್ದ ಸರ್ಕಾರ ಅದು. ಒಡಂಬಡಿಕೆ ಕೊನೆಗೂ ಜಾರಿಗೆ ಬರಲಿಲ್ಲ.

ಸುಮ್ಮನೆ ಓದುಗ

ಮೇಷ್ಟ್ರೇ, ಈಗ ಭಗತ್ ಸಿಂಗ್ ವಿಷಯ ಬರುತ್ತದೆ ಎಂದು ಕಾಯುತ್ತಿದ್ದೇನೆ.

ಇತಿಹಾಸ ಮೇಷ್ಟ್ರು

ಬರಲೇಬೇಕಲ್ಲ. 1929ರ ಏಪ್ರಿಲ್ 8ರಂದು ಕೇಂದ್ರ ಶಾಸನಸಭೆಯಲ್ಲಿ ಎಸೆದ ಬಾಂಬ್‌ಗಳು ಯಾರನ್ನೂ ಕೊಲ್ಲದಂತೆ, ಖಾಲಿ ಜಾಗ ನೋಡಿ ಎಸೆದವು. ಕರಪತ್ರ ಎರಚಿ, ಓಡಿಹೋಗದೆ ನಿಂತು ಸೆರೆಯಾದರು. 1931ರ ಫೆಬ್ರುವರಿಯಲ್ಲಿ ಯುವ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ ಭಗತ್ ಸಿಂಗ್, ಕ್ರಾಂತಿಕಾರಿ ಜೀವನದ ಆರಂಭದ ದಿನಗಳನ್ನು ಬಹುಶಃ ಬಿಟ್ಟರೆ ತಾನೆಂದೂ ಭಯೋತ್ಪಾದಕನಾಗಿರಲಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಒಂದು ಪಠ್ಯದಲ್ಲಿ ಅವರನ್ನು ಕ್ರಾಂತಿಕಾರಿ ಭಯೋತ್ಪಾದಕರೆಂದು ಕರೆದದ್ದಕ್ಕೆ ಸಂಸತ್ತಿನವರೆಗೂ ಗಲಾಟೆ ಹೋಯಿತು.

ಮಲ್ಲಿಗೆ ಮೈಸೂರು

ಆದರೆ 1928ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಸಾಂಡರ್ಸ್‌ನನ್ನು ಗುಂಡಿಟ್ಟು ಕೊಂದದ್ದನ್ನು ಬಿಟ್ಟುಬಿಟ್ಟಿರಿ. ಮೇಲಿನ ವಕೀಲರ ಲೆಕ್ಕದಲ್ಲಿ, ಸರ್ಕಾರವನ್ನು ಹೆದರಿಸಲು ಪೊಲೀಸ್ ಅಧಿಕಾರಿಯನ್ನು ಕೊಂದರೆ ಅದು ಪಾಲಾರ್‌ನ ಸಾಲಿಗೆ ಸೇರುತ್ತದೆ. ನಾವು ಇಷ್ಟಪಡುವವರನ್ನು ಹೊರಗಿಡುವ ವ್ಯಾಖ್ಯಾನ ಹುಡುಕುತ್ತಿದ್ದೇವೆಯೇ? ಮಂಡೇಲಾ ಅವರ ಹೆಸರು 2008ರವರೆಗೆ ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಲ್ಲಿತ್ತು. ಅಷ್ಟರಲ್ಲಿ ಅವರಿಗೆ ನೊಬೆಲ್ ಬಂದಾಗಿತ್ತು, ದೇಶದ ಅಧ್ಯಕ್ಷರಾಗಿ ಇಳಿದೂ ಆಗಿತ್ತು.

ಇತಿಹಾಸ ಮೇಷ್ಟ್ರು

ಇಷ್ಟದ ಪ್ರಶ್ನೆಯಲ್ಲ, ಮೇಡಂ. ಗುರಿ ಯಾರು ಎಂಬುದು ಪ್ರಶ್ನೆ. ವಿಶ್ವಸಂಸ್ಥೆಯ 1999ರ ಭಯೋತ್ಪಾದನೆಗೆ ಹಣಕಾಸು ನೆರವು ತಡೆಯುವ ಒಡಂಬಡಿಕೆ ಒಂದು ಒಳ್ಳೆಯ ಸೂತ್ರ ಕೊಟ್ಟಿದೆ: ಜನರನ್ನು ಹೆದರಿಸಲು ಅಥವಾ ಸರ್ಕಾರವನ್ನು ಮಣಿಸಲು, ನಾಗರಿಕರನ್ನು ಅಥವಾ ಸಶಸ್ತ್ರ ಸಂಘರ್ಷದಲ್ಲಿ ಭಾಗವಹಿಸದವರನ್ನು ಕೊಲ್ಲುವ ಇಲ್ಲವೇ ತೀವ್ರವಾಗಿ ಗಾಯಗೊಳಿಸುವ ಉದ್ದೇಶದ ಕೃತ್ಯ. ಕೊಂದವನು ಯಾರು, ಅವನ ಹೋರಾಟ ನ್ಯಾಯವೇ ಅಲ್ಲವೇ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಸತ್ತವರು ಯಾರು, ಏಕೆ ಅವರನ್ನು ಕೊಂದರು ಎಂಬುದಷ್ಟೇ ಇದೆ.

ನಿವೃತ್ತ ಖಾಕಿ

ಹಾಗಾದರೆ 2019ರ ಪುಲ್ವಾಮಾ ಭಯೋತ್ಪಾದನೆಯಲ್ಲ ಎನ್ನುತ್ತೀರಾ? ಅಲ್ಲಿ ಸತ್ತ 40 ಜನ ಸಿಆರ್‌ಪಿಎಫ್ ಯೋಧರು, ನಾಗರಿಕರಲ್ಲ. ಇಂಥ ಪುಸ್ತಕದ ಬದನೆಕಾಯಿಯಿಂದ ಸಾರು ಆಗುವುದಿಲ್ಲ, ಮೇಷ್ಟ್ರೇ.

ಇತಿಹಾಸ ಮೇಷ್ಟ್ರು

ಖಂಡಿತ ಭಯೋತ್ಪಾದನೆಯೇ. ಯುದ್ಧದ ಸ್ಥಿತಿಯೇ ಇಲ್ಲದಲ್ಲಿ, ಬಸ್ಸಿನಲ್ಲಿ ಕುಳಿತು ಕರ್ತವ್ಯಕ್ಕೆ ಮರಳುತ್ತಿದ್ದವರನ್ನು ಕಾಳಗದಲ್ಲಿ ತೊಡಗಿದವರೆಂದು ಕರೆಯಲಾಗದು. ಸೂತ್ರದ ಎರಡನೇ ಭಾಗವನ್ನು ನೀವು ಓದದೆ ಮುಂದೆ ಹೋದಿರಿ.

ಹೈಕೋರ್ಟ್ ಕಾರಿಡಾರ್

ಮೇಷ್ಟ್ರ ಉತ್ತರದಲ್ಲಿ ಒಂದು ತೊಡಕಿದೆ. ಯುದ್ಧದ ಸ್ಥಿತಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಜಾಗತಿಕ ಒಮ್ಮತ ಸಿಕ್ಕಿಬಿದ್ದಿರುವುದು ಇಲ್ಲಿಯೇ. ಅಂತರರಾಷ್ಟ್ರೀಯ ಭಯೋತ್ಪಾದನೆಯ ವಿರುದ್ಧ ಸಮಗ್ರ ಒಡಂಬಡಿಕೆಯ ಕರಡನ್ನು ಭಾರತ ವಿಶ್ವಸಂಸ್ಥೆಯ ಮುಂದಿಟ್ಟದ್ದು 1996ರಲ್ಲಿ. ವಿದೇಶಿ ಆಕ್ರಮಣದ ವಿರುದ್ಧ ಹೋರಾಡುವವರಿಗೆ ವಿನಾಯಿತಿ ಇರಬೇಕೆಂದು ಇಸ್ಲಾಮಿಕ್ ಸಹಕಾರ ಸಂಘಟನೆಯ ದೇಶಗಳು ಪಟ್ಟು ಹಿಡಿದವು. ಸರ್ಕಾರಗಳ ಸೇನೆಗಳಿಗೆ ವಿನಾಯಿತಿ ಎಷ್ಟಿರಬೇಕು ಎಂಬುದು ಇನ್ನೊಂದು ಪಟ್ಟು. ಪ್ಯಾಲೆಸ್ಟೀನ್ ಮತ್ತು ಕಾಶ್ಮೀರದ ನೆರಳು ಆ ಕರಡಿನ ಪ್ರತಿ ಸಾಲಿನ ಮೇಲೂ ಇದೆ. ಕರಡು ಇಂದಿಗೂ ಕರಡೇ. ವಿಚಿತ್ರವೆಂದರೆ, 2001ರ ಸೆಪ್ಟೆಂಬರ್ ದಾಳಿಯ ನಂತರ ಭದ್ರತಾ ಮಂಡಳಿಯ 1373ನೇ ನಿರ್ಣಯ ಭಯೋತ್ಪಾದನೆಯನ್ನು ಅಪರಾಧವಾಗಿಸಿ ಎಂದು ಎಲ್ಲ ದೇಶಗಳಿಗೂ ಆದೇಶಿಸಿತು. ಹಾಗೆಂದರೇನು ಎಂದು ಮಾತ್ರ ಹೇಳಲಿಲ್ಲ. ಪ್ರತಿ ಸರ್ಕಾರವೂ ತನಗೆ ಬೇಕಾದ ಅಳತೆಯ ಅಂಗಿ ಹೊಲಿಸಿಕೊಂಡಿತು.

ಸುಮ್ಮನೆ ಓದುಗ

ವಿದ್ವಾಂಸರಾದರೂ ಒಂದು ಮಾತಿಗೆ ಬಂದಿದ್ದಾರೆಯೇ?

ಇತಿಹಾಸ ಮೇಷ್ಟ್ರು

1980ರ ದಶಕದಲ್ಲಿ ಅಲೆಕ್ಸ್ ಶ್ಮಿಡ್ ಮತ್ತು ಆಲ್ಬರ್ಟ್ ಯಾಂಗ್‌ಮನ್ ಎಂಬ ಸಂಶೋಧಕರು 109 ವ್ಯಾಖ್ಯಾನಗಳನ್ನು ಕಲೆಹಾಕಿ ವಿಶ್ಲೇಷಿಸಿದರು. ಹಿಂಸೆ ಎಂಬ ಅಂಶ ಶೇ. 83.5ರಷ್ಟರಲ್ಲಿ ಇತ್ತು, ರಾಜಕೀಯ ಎಂಬುದು ಶೇ. 65ರಲ್ಲಿ, ಭೀತಿ ಎಂಬುದು ಶೇ. 51ರಲ್ಲಿ ಮಾತ್ರ. ಅರ್ಧದಷ್ಟು ವ್ಯಾಖ್ಯಾನಗಳಲ್ಲಿ ಭೀತಿಯೇ ಇಲ್ಲ ಎಂದರೆ ಪರಿಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಹನೂರಿನವ

ನಮ್ಮೂರಿನ ಕಡೆಯ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ವೀರಪ್ಪನ್ ಪ್ರಕರಣದಲ್ಲಿ ಟಾಡಾ ಅಡಿ ಮೈಸೂರು ಜೈಲಿಗೆ ಹೋದವರು ಬರೀ ನೆಲಬಾಂಬ್ ಇಟ್ಟವರಲ್ಲ. ಕಾಡಂಚಿನ ಬಡವರು, ಅಕ್ಕಿ ಕೊಟ್ಟರೆಂದು ಆರೋಪ ಹೊತ್ತವರು, ಹೆಂಗಸರು, ಒಟ್ಟು ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಒಳಗಿದ್ದರು. 2001ರಲ್ಲಿ ತೀರ್ಪು ಬಂದಾಗ ಬಹುಪಾಲು ಜನ ಖುಲಾಸೆಯಾದರು. ಅಷ್ಟು ವರ್ಷ ಅವರು ಭಯೋತ್ಪಾದಕರೇ ಆಗಿದ್ದರಲ್ಲ, ಅದನ್ನು ಯಾವ ವ್ಯಾಖ್ಯಾನಕ್ಕೆ ಸೇರಿಸುತ್ತೀರಿ?

ಇನ್ನೊಂದು ಮಾತು. ವೀರಪ್ಪನ್ ಬೇಟೆಗೆಂದು ಇದ್ದ ಪೊಲೀಸ್ ವಿಶೇಷ ಕಾರ್ಯಪಡೆಯ ದೌರ್ಜನ್ಯಗಳ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ, ಹಿಡಿದವರನ್ನು ಹಿಂಸಿಸುತ್ತಿದ್ದ ಜಾಗದ ಹೆಸರು ಕೇಳಿದರೆ ಈಗಲೂ ಮಾತು ನಿಲ್ಲಿಸುವ ಹಿರಿಯರು ಇದ್ದಾರೆ. ನಮ್ಮ ಜನ ಹೆದರಿದ್ದು ಎರಡೂ ಕಡೆಯವರಿಗೆ. ಮೇಷ್ಟ್ರು ಹೇಳಿದ 1937ರ ಸಾಲಿನಲ್ಲಿ ಒಂದು ಕಡೆಯ ಭಯಕ್ಕೆ ಮಾತ್ರ ಜಾಗವಿದೆ.

ನಿವೃತ್ತ ಖಾಕಿ

ತಪ್ಪುಗಳು ಆಗಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ 1992ರಲ್ಲಿ ಅದೇ ಕಾಡಿನಲ್ಲಿ ವೀರಪ್ಪನ್ ತಂಡ ಹೂಡಿದ ಬಲೆಗೆ ಬಿದ್ದು ಪ್ರಾಣ ಕೊಟ್ಟರು. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದಾಗ, ಟಾಡಾ ಕೈದಿಗಳ ಮೇಲಿನ ಆರೋಪ ಹಿಂತೆಗೆದುಕೊಳ್ಳಲು ನಮ್ಮ ಸರ್ಕಾರವೇ ಹೊರಟಿತ್ತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ತಡೆದವರು ಶಕೀಲ್ ಅವರ ವೃದ್ಧ ತಂದೆ. ಆ ನವೆಂಬರ್‌ನ ತೀರ್ಪನ್ನೂ ಓದಿ, ಹನೂರಿನವರೇ.

ಹನೂರಿನವ

ಓದಿದ್ದೇನೆ, ಆ ತಂದೆಯ ಬಗ್ಗೆ ಗೌರವವೂ ಇದೆ. ತೀರ್ಪು ಸರ್ಕಾರವನ್ನು ಬೈದದ್ದು ಬಲವಂತಕ್ಕೆ ಮಣಿದದ್ದಕ್ಕೆ. ಒಳಗಿದ್ದವರೆಲ್ಲರೂ ಭಯೋತ್ಪಾದಕರು ಎಂದು ಅದು ಎಲ್ಲಿಯೂ ಹೇಳಿಲ್ಲ.

ಸುದ್ದಿಮನೆ

ಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕುಳಿತವನಾಗಿ ಒಂದು ಗಮನ. ಕನ್ನಡ ಪತ್ರಿಕೆಗಳಿಗೆ ವೀರಪ್ಪನ್ ಕಾಡುಗಳ್ಳನಾಗಿದ್ದ, ದಂತಚೋರನಾಗಿದ್ದ, ನರಹಂತಕನಾಗಿದ್ದ. ಟಾಡಾ ಪ್ರಕರಣ ನಡೆಯುತ್ತಿದ್ದಾಗಲೂ ಭಯೋತ್ಪಾದಕ ಎಂದು ಶೀರ್ಷಿಕೆ ಕೊಟ್ಟ ನೆನಪು ನನಗಿಲ್ಲ. ನಮ್ಮ ಮನಸ್ಸಿನಲ್ಲಿ ಆ ಪದಕ್ಕೆ ಒಂದು ಸಿದ್ಧಾಂತ, ಒಂದು ಸಂಘಟನೆ, ಹೆಚ್ಚಾಗಿ ಒಂದು ಧರ್ಮ ಅಂಟಿಕೊಂಡಿರುತ್ತದೆ. ಬಿಬಿಸಿ ಈ ಪದವನ್ನು ತನ್ನ ಸ್ವಂತ ಮಾತಿನಲ್ಲಿ ಬಳಸದೆ, ಹೇಳಿದವರ ಹೆಸರಿನ ಜೊತೆ ಮಾತ್ರ ಬಳಸುವ ನೀತಿ ಇಟ್ಟುಕೊಂಡಿದೆ. 2023ರ ಅಕ್ಟೋಬರ್‌ನಲ್ಲಿ ಹಮಾಸ್ ದಾಳಿಯ ನಂತರ ಅದಕ್ಕಾಗಿ ಬ್ರಿಟಿಷ್ ಸಚಿವರಿಂದಲೇ ಬೈಸಿಕೊಂಡಿತು. ನಡೆದದ್ದನ್ನು ನಡೆದಂತೆ ಬರೆದರೆ ಓದುಗನಿಗೆ ಭೀಕರತೆ ಅರ್ಥವಾಗುತ್ತದೆ ಎಂಬ ಆ ನೀತಿಯನ್ನು ನಾನು ಒಪ್ಪುತ್ತೇನೆ.

ಮಲ್ಲಿಗೆ ಮೈಸೂರು

ನಾನು ಒಪ್ಪುವುದಿಲ್ಲ. ಮನೆಗಳಿಗೆ ನುಗ್ಗಿ ಮಕ್ಕಳನ್ನು ಕೊಂದವರನ್ನು ಉಗ್ರಗಾಮಿ, ಬಂಡುಕೋರ ಎಂದು ಮೆಲುವಾಗಿ ಕರೆಯುವುದೂ ಒಂದು ಪಕ್ಷ ವಹಿಸಿದಂತೆಯೇ.

ಆಕ್ಲೆಂಡ್ ಕನ್ನಡತಿ

ಸಿದ್ಧಾಂತ ಇರಲೇಬೇಕೇ ಎಂಬ ಪ್ರಶ್ನೆಗೆ ಇಲ್ಲಿನ ಕಾನೂನು ಹೌದು ಎನ್ನುತ್ತದೆ. ನ್ಯೂಜಿಲೆಂಡಿನ 2002ರ ಕಾಯ್ದೆಯಲ್ಲಿ ಸೈದ್ಧಾಂತಿಕ, ರಾಜಕೀಯ ಅಥವಾ ಧಾರ್ಮಿಕ ಧ್ಯೇಯವನ್ನು ಸಾಬೀತುಪಡಿಸಬೇಕು. 2007ರಲ್ಲಿ ಉರೆವೆರಾ ಕಾಡಿನಲ್ಲಿ ಮಾವೋರಿ ಹೋರಾಟಗಾರರೂ ಸೇರಿದಂತೆ ಹಲವರ ಮೇಲೆ ಪೊಲೀಸ್ ದಾಳಿ ನಡೆದಾಗ, ಕಾಯ್ದೆ ಅತಿ ಜಟಿಲವಾಗಿದೆ, ಅಸಂಬದ್ಧವಾಗಿದೆ ಎಂದು ಸಾಲಿಸಿಟರ್ ಜನರಲ್ ಅದರಡಿ ಆರೋಪ ಹೊರಿಸಲು ಅನುಮತಿಯನ್ನೇ ಕೊಡಲಿಲ್ಲ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದ ಬಿಳಿಯ ಜನಾಂಗವಾದಿಯ ಮೇಲೆ ಮಾತ್ರ, ಕೊಲೆಗಳ ಜೊತೆಗೆ ಭಯೋತ್ಪಾದನೆಯ ಆರೋಪವನ್ನೂ ಸೇರಿಸಿದರು. ಶಿಕ್ಷೆಯ ದೃಷ್ಟಿಯಿಂದ ಅದು ಬೇಕಾಗಿರಲಿಲ್ಲ, 51 ಕೊಲೆಗಳೇ ಸಾಕಿತ್ತು. ಆದರೆ ಆ ಆರೋಪ ಸೇರದಿದ್ದರೆ ಇಲ್ಲಿನ ಮುಸ್ಲಿಂ ಸಮುದಾಯ, ನಮ್ಮನ್ನು ಕೊಂದರೆ ಮಾತ್ರ ಅದು ಬರೀ ಕೊಲೆಯೇ ಎಂದು ಕೇಳುತ್ತಿತ್ತು, ಮತ್ತು ಆ ಪ್ರಶ್ನೆ ನ್ಯಾಯವಾಗಿರುತ್ತಿತ್ತು.

ಸುಮ್ಮನೆ ಓದುಗ

ಅಮೆರಿಕದ ಲಾಸ್ ವೇಗಸ್‌ನಲ್ಲಿ 2017ರಲ್ಲಿ ಹೋಟೆಲಿನ ಕಿಟಕಿಯಿಂದ ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದವನ ಉದ್ದೇಶವೇ ತಿಳಿಯಲಿಲ್ಲ. ಉದ್ದೇಶ ಗೊತ್ತಿಲ್ಲದಿದ್ದರೆ ಭಯೋತ್ಪಾದನೆ ಅಲ್ಲ ಎಂದಾಯಿತು. ಸತ್ತವರ ಮನೆಯವರಿಗೆ ಇದರಿಂದ ಏನು ವ್ಯತ್ಯಾಸ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ಹೈಕೋರ್ಟ್ ಕಾರಿಡಾರ್

ವ್ಯತ್ಯಾಸ ಸತ್ತವರ ಮನೆಯವರಿಗಿಂತ ಆರೋಪಿಗೆ, ಅವನ ಮೂಲಕ ನಮಗೆಲ್ಲರಿಗೆ. ಆದ್ದರಿಂದ ಇಂದಿನ ಕಾನೂನಿಗೆ ಬರೋಣ.

ಕಣಿವೆಯವರೇ, ನಿಮ್ಮ ಮೂಲ ಪ್ರಶ್ನೆಯ ಉತ್ತರ ಈಗ ಬದಲಾಗಿದೆ. ಟಾಡಾ 1995ರ ಮೇ ತಿಂಗಳಲ್ಲಿ ಅವಧಿ ಮುಗಿದು ಹೋಯಿತು. ಸುಮಾರು 76 ಸಾವಿರ ಜನರನ್ನು ಹಿಡಿದು ಶೇ. 2ಕ್ಕಿಂತ ಕಡಿಮೆ ಶಿಕ್ಷೆ ಕಂಡ ಕಾಯ್ದೆ ಅದು. ಅದರ ಜಾಗದಲ್ಲಿ ಮತ್ತೊಂದು ಭಯೋತ್ಪಾದನೆ ತಡೆ ಕಾಯ್ದೆ ಪೋಟಾ 2002ರಲ್ಲಿ ಬಂದು 2004ರಲ್ಲಿ ಹೋಯಿತು. ಅದರ ಸಾಮಾನಿನ ಬಹುಪಾಲನ್ನು 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ, ಅಂದರೆ ಯುಎಪಿಎಯ ಒಳಗೆ ತಂದಿಟ್ಟರು. ಮುಂಬೈ ದಾಳಿಯ ನಂತರ, 2008ರ ತಿದ್ದುಪಡಿಯಲ್ಲಿ 15ನೇ ಸೆಕ್ಷನ್‌ನಲ್ಲಿ ಭೀತಿ ಹುಟ್ಟಿಸುವ ಉದ್ದೇಶದಿಂದ ಎಂಬುದರ ಪಕ್ಕದಲ್ಲಿ, ಭೀತಿ ಹುಟ್ಟಿಸುವ ಸಂಭವವಿರುವ ಎಂಬುದೂ ಬಂದು ಕೂತಿತು. ಈ ಸಣ್ಣ ಸೇರ್ಪಡೆಯಿಂದ 1999ರ ತೀರ್ಪಿನ ತರ್ಕದ ಬುಡವೇ ಸಡಿಲವಾಗುತ್ತದೆ. ರಾಜೀವ್ ಹತ್ಯೆಯಂಥದ್ದು ಇಂದು ನಡೆದರೆ ಸಂಚುಗಾರರ ಮನಸ್ಸಿನಲ್ಲಿ ಏನಿತ್ತು ಎಂದು ಹುಡುಕುವ ಅಗತ್ಯವಿಲ್ಲ, ಜನ ಭಯಪಡುವ ಸಂಭವ ಇತ್ತು ಎಂದರೆ ಸಾಕು.

ಸಾಧನದ ಪಟ್ಟಿಯಲ್ಲಿ ಬಾಂಬ್, ಬಂದೂಕು, ವಿಷಾನಿಲ ಹೇಳಿದ ಮೇಲೆ, ಬೇರೆ ಯಾವುದೇ ಸ್ವರೂಪದ ಸಾಧನ ಎಂದೂ ಸೇರಿಸಿದ್ದಾರೆ. ಪರಿಣಾಮದ ಪಟ್ಟಿಯಲ್ಲಿ ಸಾವಿನ ಜೊತೆಗೆ ಆಸ್ತಿ ಹಾನಿ ಇದೆ, ಅಗತ್ಯ ಸೇವೆಗಳಿಗೆ ಅಡ್ಡಿ ಇದೆ. 2012ರಲ್ಲಿ ಉತ್ತಮ ಗುಣಮಟ್ಟದ ಖೋಟಾನೋಟು ಕೂಡ ಸೇರಿತು. ಬ್ರಿಟನ್ ಅಥವಾ ನ್ಯೂಜಿಲೆಂಡಿನಲ್ಲಿ ಇರುವ ರಾಜಕೀಯ ಅಥವಾ ಧಾರ್ಮಿಕ ಧ್ಯೇಯದ ಷರತ್ತು ನಮ್ಮಲ್ಲಿ ಇಲ್ಲವೇ ಇಲ್ಲ.

ನಿವೃತ್ತ ಖಾಕಿ

ಷರತ್ತು ಇಲ್ಲದಿರುವುದೇ ಒಳ್ಳೆಯದು. ಧ್ಯೇಯ ಹುಡುಕುತ್ತಾ ಕೂತರೆ ವೀರಪ್ಪನ್ ತಪ್ಪಿಸಿಕೊಳ್ಳುತ್ತಿದ್ದ. ಅವನು ತಮಿಳು, ಕಾವೇರಿ ಎಂದು ಮಾತನಾಡತೊಡಗಿದ್ದು ಅಣ್ಣಾವ್ರನ್ನು ಒಯ್ದ ಮೇಲೆ.

ಹನೂರಿನವ

ಅಂದರೆ ಪೊಲೀಸರಿಗೆ ಅನುಕೂಲವಾದದ್ದೇ ವ್ಯಾಖ್ಯಾನ.

ಹೈಕೋರ್ಟ್ ಕಾರಿಡಾರ್

1994ರಲ್ಲಿ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದ್ದು ಇದನ್ನೇ. ಭಯೋತ್ಪಾದಕ ಅಪರಾಧಿಯೇ, ಆದರೆ ಪ್ರತಿ ಅಪರಾಧಿಯೂ ಭಯೋತ್ಪಾದಕನಲ್ಲ. ಸಾಮಾನ್ಯ ಕಾನೂನಿನಿಂದ ನಿಭಾಯಿಸಲಾಗದ ಕೃತ್ಯಕ್ಕೆ ಮಾತ್ರ ಈ ವಿಶೇಷ ಕಾನೂನು. 2021ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಯುಎಪಿಎ ವ್ಯಾಖ್ಯಾನ ವಿಶಾಲವಾಗಿದೆ, ತುಸು ಅಸ್ಪಷ್ಟವೂ ಆಗಿದೆ, ಪ್ರತಿಭಟನೆಯನ್ನೂ ಭಯೋತ್ಪಾದನೆಯನ್ನೂ ಒಂದೇ ಮಾಡಬೇಡಿ ಎಂದು ಮೂವರು ವಿದ್ಯಾರ್ಥಿಗಳಿಗೆ ಜಾಮೀನು ಕೊಟ್ಟಿತು. ಆ ತೀರ್ಪನ್ನು ಪೂರ್ವನಿದರ್ಶನವಾಗಿ ಬಳಸಬಾರದು ಎಂದು ಕೆಲವೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ಸುಪ್ರೀಂ ಕೋರ್ಟಿನ 2019ರ ವಟಾಲಿ ತೀರ್ಪಿನ ನಂತರ, ಜಾಮೀನಿನ ಹಂತದಲ್ಲಿ ಪೊಲೀಸರ ಸಾಕ್ಷ್ಯವನ್ನು ಆಳವಾಗಿ ತೂಗುವಂತೆಯೂ ಇಲ್ಲ. ವ್ಯಾಖ್ಯಾನ ಎಷ್ಟು ಅಗಲವೋ ಜೈಲಿನ ಬಾಗಿಲು ಅಷ್ಟು ಭಾರ.

ಕಾವೇರಿ ಕಣಿವೆ

ಎಲ್ಲರಿಗೂ ಧನ್ಯವಾದ. ಹೊಸ ನ್ಯಾಯ ಸಂಹಿತೆಯಲ್ಲಿಯೂ ಭಯೋತ್ಪಾದನೆ ಬಂದಿದೆಯಲ್ಲ, ಎರಡು ಕಾನೂನುಗಳಲ್ಲಿ ಒಂದೇ ಅಪರಾಧ ಏಕೆ?

ಹೈಕೋರ್ಟ್ ಕಾರಿಡಾರ್

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ ಹೆಚ್ಚುಕಡಿಮೆ ಯುಎಪಿಎಯ 15ರ ನಕಲು. ಪ್ರಕರಣವನ್ನು ಯಾವುದರಡಿ ದಾಖಲಿಸಬೇಕು ಎಂದು ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತೀರ್ಮಾನಿಸಬೇಕು. ಯುಎಪಿಎ ಆದರೆ ಜಾಮೀನಿಗೆ ಅದರ 43ಡಿ ಸೆಕ್ಷನ್ ಅಡ್ಡ ಬರುತ್ತದೆ, ದೋಷಾರೋಪ ಪಟ್ಟಿಗೆ 180 ದಿನ ಸಿಗುತ್ತವೆ, ಆದರೆ ವಿಚಾರಣೆಗೆ ಸರ್ಕಾರದ ಮಂಜೂರಾತಿ ಬೇಕು. ಸಂಹಿತೆ ಆದರೆ ಈ ಅಡ್ಡಿಯೂ ಇಲ್ಲ, ಆ ರಕ್ಷಣೆಯೂ ಇಲ್ಲ. ಯಾವ ಮಾನದಂಡದ ಮೇಲೆ ಆರಿಸಬೇಕು ಎಂದು ಸೆಕ್ಷನ್ ಹೇಳುವುದಿಲ್ಲ.

ನಿವೃತ್ತ ಖಾಕಿ

ನಾನು ಆ ಕುರ್ಚಿಯಲ್ಲಿದ್ದರೆ ಯುಎಪಿಎಯನ್ನೇ ಆರಿಸುತ್ತಿದ್ದೆ. ಸಾಮಾನ್ಯ ನಿಯಮದಡಿ ದೋಷಾರೋಪ ಪಟ್ಟಿಗೆ ಸಿಗುವ 90 ದಿನಗಳಲ್ಲಿ ಎಷ್ಟೋ ಸಲ ವಿಧಿವಿಜ್ಞಾನ ಪ್ರಯೋಗಾಲಯದ ವರದಿಯೇ ಕೈ ಸೇರುವುದಿಲ್ಲ.

ಹನೂರಿನವ

ಪ್ರಯೋಗಾಲಯಕ್ಕೆ ಇನ್ನಷ್ಟು ಜನರನ್ನು ನೇಮಿಸಿಕೊಳ್ಳಲಿ, ಸರ್. ಅದಕ್ಕೆ ಆರೋಪಿ ಆರು ತಿಂಗಳು ಒಳಗೆ ಯಾಕೆ ಇರಬೇಕು?